ಭಾವನ ಐದು ಎಚ್‌ಪಿ ಕಾರು

ಏಪ್ರಿಲ್ ತಿಂಗಳು, ರಾತ್ರಿ ಹತ್ತೂವರೆ ಇರಬೇಕು. ದಾವಣಗೆರೆ ಬೇಸಿಗೆ ಗೊತ್ತಲ್ಲ, ಆ ಹೊತ್ತಿನಲ್ಲೂ ಗೋಡೆ ಮುಟ್ಟಿದರೆ ಬಿಸಿ. ವಿದ್ಯಾನಗರದಲ್ಲಿರುವ ಅಕ್ಕನ ಮನೆಯಲ್ಲಿ ಊಟ ಮುಗಿಸಿ, ಜಗಲಿಗೆ ನೀರು ಹೊಡೆದು ತಂಪು ಮಾಡಿಕೊಂಡು ಕೂತಿದ್ದೆವು. ಭಾವನ ಹೊಸ ಕರೆಂಟ್ ಕಾರು ಗೇಟಿನೊಳಗೆ ಮುಕ್ಕಾಲು, ಹೊರಗೆ ಕಾಲು ಭಾಗ ನಿಂತಿತ್ತು. ಬಂದು ಮೂರು ವಾರವಾಗಿತ್ತಷ್ಟೆ. ಮೂತಿಗೆ ಕಪ್ಪು ಕೇಬಲ್ಲು ಚುಚ್ಚಿಕೊಂಡು, ಪಕ್ಕದಲ್ಲಿ ಹಸಿರು ದೀಪ ಮಿಣುಕಿಸುತ್ತಾ ಆರಾಮಾಗಿತ್ತು. ಇದ್ದಕ್ಕಿದ್ದಂತೆ ಒಳಗಿನ ಟ್ಯೂಬ್‌ಲೈಟ್ ಮಂಕಾಯಿತು. ಫ್ಯಾನು ಸೋತವರ ಹಾಗೆ ತಿರುಗಿತು. ಬೀದಿಯ ತುದಿಯಿಂದ 'ಢಬ್' ಅಂತ ಶಬ್ದ. ಅಕ್ಕನ ಮನೆ ಕತ್ತಲು. ಪಕ್ಕದ ಮನೆಯಲ್ಲಿ ದೀಪ ಇದೆ, ಅದರಾಚೆಯ ಮನೆಯಲ್ಲೂ ಇದೆ, ಅದರಾಚೆಯದು ಕತ್ತಲು. ಮೆಕ್ಕೆಜೋಳದ ತೆನೆಯಿಂದ ಯಾರೋ ಅಲ್ಲೊಂದು ಇಲ್ಲೊಂದು ಕಾಳು ಕಿತ್ತ ಹಾಗೆ ಕಾಣುತ್ತಿತ್ತು ಬೀದಿ.

ಎರಡು ನಿಮಿಷದಲ್ಲಿ ಕತ್ತಲಾದ ಮನೆಗಳವರೆಲ್ಲ ಮೊಬೈಲ್ ಟಾರ್ಚ್ ಹಿಡಿದು ಹೊರಗೆ ಬಂದರು. ಎದುರು ಮನೆಯ ಅಜ್ಜಿ ಯಾರನ್ನೂ ಏನೂ ಕೇಳದೆ ನೇರವಾಗಿ ಭಾವನ ಕಡೆ ತಿರುಗಿ, "ಕಾರಿಗೆ ಹಚ್ಚಿದ್ದೇನಪಾ?" ಅಂದರು. ಭಾವ ಪಾಪ, "ದಿನಾ ಹಚ್ತೀನಲ್ರೀ ಅಮ್ಮಾ" ಅಂತ ಹೇಳುತ್ತಲೇ ಹೋಗಿ ಕೇಬಲ್ ಕಿತ್ತು ಸುತ್ತಿಟ್ಟ. ಕರೆಂಟೇ ಇಲ್ಲದಾಗ ಕೇಬಲ್ ಕಿತ್ತರೆ ಏನು ಬಂತು? ಆದರೂ ಕಿತ್ತ. ಆ ಕ್ಷಣಕ್ಕೆ ಅವನ ಮುಖ, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗನ ಮುಖದ ಹಾಗಿತ್ತು.

ಹನ್ನೊಂದೂಕಾಲಿಗೆ ಲೈನ್‌ಮನ್ ಬೈಕಿನಲ್ಲಿ ಬಂದ. ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಕಂಬದ ಕೆಳಗಿನ ಪೆಟ್ಟಿಗೆ ತೆಗೆದ. ಬೀದಿಯ ಮನೆಗಳನ್ನು ಹಂಚಿಕೊಂಡಿರುವ ಮೂರು ಫೇಸ್ ತಂತಿಗಳಲ್ಲಿ ಒಂದರ ಫ್ಯೂಸ್ ವೈರು ಕರಗಿ ಮಣಿಯಾಗಿತ್ತು. ಭಾವ ಅವನ ಹಿಂದೆ ಹಿಂದೆಯೇ ನಿಂತು, "ನನ್ನ ಕಾರಿನಿಂದಲೇನ್ರಿ?" ಅಂತ ಮೆಲ್ಲಗೆ ಕೇಳಿದ. ಲೈನ್‌ಮನ್ ತಲೆ ಎತ್ತದೆ, "ನಿಮ್ದೊಂದ ಅಲ್ಲ ಬಿಡ್ರಿ ಸರ್. ಇದ ಫೇಸಿನ ಮ್ಯಾಲೆ ಇನ್ನೂ ಎರಡು ಕಾರ್ ಅದಾವು. ಜೊತಿಗೆ ಏಸಿಗಳು. ಮೂರು ಎತ್ತಿನ ಗಾಡಿ ಅಂದ್ಕೊಳ್ರಿ, ಎಲ್ಲಾ ಭಾರ ಒಂದ ಎತ್ತಿನ ಮ್ಯಾಲೆ ಬಿದ್ದೈತಿ" ಅಂದ. ಬೇರೆ ಎರಡು ಕಾರುಗಳು ಯಾರವು ಅಂತ ಭಾವ ತಕ್ಷಣ ಕೇಳಿದ. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಹೋಗಿ ಎದುರು ಮನೆ ಅಜ್ಜಿಗೂ ಹೇಳಿ ಬಂದ.

ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ನಾನು ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ, ಬರೆಯುತ್ತಿರುವುದು ಅಡಿಕೆ ಮಂಡಿಯ ಲೆಕ್ಕ. ಹಾಗಾಗಿ ಊರಲ್ಲಿ ಯಾರಿಗೆ ಕರೆಂಟಿನ ಬಗ್ಗೆ ಅನುಮಾನ ಬಂದರೂ ನನ್ನನ್ನೇ ಹಿಡಿಯುತ್ತಾರೆ. ಈಗ ಬೆಣ್ಣೆದೋಸೆ ಹೋಟೆಲಲ್ಲಿ ಕೂತರೆ ಸಾಕು, ಒಂದೇ ಪ್ರಶ್ನೆ. "ಎಲ್ಲರೂ ಕರೆಂಟ್ ಕಾರ್ ತಗೊಂಡ್ರೆ ಅಷ್ಟು ಕರೆಂಟ್ ಎಲ್ಲಿಂದ ತರ್ತಾರ್ರೀ?"

ಎರಡು ಲೆಕ್ಕ

ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. 2023ರ ಬರ ನಮಗೆ ನೆನಪಿದೆ. ಆ ಅಕ್ಟೋಬರ್‌ನಲ್ಲಿ ರೈತರ ತ್ರೀ ಫೇಸ್ ಏಳು ತಾಸಿನಿಂದ ಐದು ತಾಸಿಗೆ ಇಳಿದಿತ್ತು. ಊರೂರಲ್ಲಿ ಜನ ಸಬ್‌ಸ್ಟೇಷನ್ ಮುಂದೆ ಕೂತಿದ್ದರು. ಬೋರಿಗೇ ಇಲ್ಲದ ಕರೆಂಟು ಕಾರಿಗೆ ಎಲ್ಲಿಂದ ಬರಬೇಕು ಅನ್ನುವುದು ನ್ಯಾಯವಾದ ಮಾತೇ.

ಆದರೆ ಲೆಕ್ಕ ಹಾಕಿ ನೋಡೋಣ. ಭಾವ ದಿನಾ ಹರಿಹರಕ್ಕೆ ಕೆಲಸಕ್ಕೆ ಹೋಗಿಬರುತ್ತಾನೆ. ಊರೊಳಗಿನ ಓಡಾಟ ಸೇರಿ 35 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಒಂದು ಯೂನಿಟ್ಟಿಗೆ ಅವನ ಕಾರು ಏಳು ಕಿಲೋಮೀಟರ್ ಓಡುತ್ತದೆ. ಅಂದರೆ ದಿನಕ್ಕೆ ಐದು ಯೂನಿಟ್. ರಾಜ್ಯದಲ್ಲಿ ಇಂಥ ಕಾರು 30 ಲಕ್ಷ ಇವೆ ಅಂತ ಸುಮ್ನೆ ಕಲ್ಪಿಸಿಕೊಳ್ಳಿ. ದಿನಕ್ಕೆ ಒಂದೂವರೆ ಕೋಟಿ ಯೂನಿಟ್ ಬೇಕು. ಕೇಳಲು ದೊಡ್ಡದಾಯಿತು. ಆದರೆ ಬೇಸಿಗೆಯಲ್ಲಿ ನಮ್ಮ ರಾಜ್ಯ ಒಂದೇ ದಿನಕ್ಕೆ ಸುಮಾರು 30 ಕೋಟಿ ಯೂನಿಟ್ ಖರ್ಚು ಮಾಡುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು ಇದು. ಆ ಒಂದೂವರೆ ಕೋಟಿ ಯೂನಿಟ್ಟನ್ನು 24 ತಾಸಿಗೆ ಸಮನಾಗಿ ಹಂಚಿದರೆ 625 ಮೆಗಾವ್ಯಾಟ್. ಶರಾವತಿಯ ಮುಖ್ಯ ವಿದ್ಯುದಾಗಾರ ಒಂದರದ್ದೇ 1,035 ಮೆಗಾವ್ಯಾಟ್ ಸಾಮರ್ಥ್ಯ. ನಮ್ಮ ಚಳ್ಳಕೆರೆಯ ಪಕ್ಕದ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್.

ಈಗ ಅದೇ ಕಾರು, ಅದೇ ಯೂನಿಟ್ಟು, ಲೆಕ್ಕ ಮಾತ್ರ ಬೇರೆ. 30 ಲಕ್ಷ ಜನ ಸಂಜೆ ಏಳಕ್ಕೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕೈಕಾಲು ತೊಳೆಯುವ ಮೊದಲು ಕೇಬಲ್ ಚುಚ್ಚುತ್ತಾರೆ. ಮನೆಯ 15 ಆಂಪ್ ಸಾಕೆಟ್ಟಿನಿಂದ ಕಾರು ಎಳೆಯುವುದು 3.3 ಕಿಲೋವ್ಯಾಟ್. ಒಟ್ಟು 9,900 ಮೆಗಾವ್ಯಾಟ್! 2024ರ ಬೇಸಿಗೆಯಲ್ಲಿ ಇಡೀ ಕರ್ನಾಟಕದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ಮುಟ್ಟಿದ್ದೇ ದೊಡ್ಡ ಸುದ್ದಿಯಾಗಿತ್ತು. ಅದರ ಅರ್ಧಕ್ಕಿಂತ ಜಾಸ್ತಿ ಇದು. ಅದೂ ಸೂರ್ಯ ಮುಳುಗಿ ಪಾವಗಡ ಮಲಗಿದ ಮೇಲೆ.

625 ಆಗುತ್ತೋ 9,900 ಆಗುತ್ತೋ ಅನ್ನುವುದು ಕಾರುಗಳ ಸಂಖ್ಯೆಯ ಮೇಲಿಲ್ಲ. ಯಾರು ಯಾವಾಗ ಹಚ್ಚುತ್ತಾರೆ ಅನ್ನುವುದರ ಮೇಲಿದೆ. ಹೋಟೆಲಿನಲ್ಲಿ ಇದನ್ನು ಹೇಳಿದರೆ ಅರ್ಧ ಜನ ಚಟ್ನಿ ಕಡೆ ನೋಡುತ್ತಾರೆ. ಆದರೆ ಹಳ್ಳಿ ಕಡೆಯಿಂದ ಬಂದವರು, ಅದರಲ್ಲೂ ಬೋರು ಇದ್ದವರು, ತಟ್ಟನೆ ತಲೆಯಾಡಿಸುತ್ತಾರೆ.

ಕಟ್ಟೆಯ ಮೇಲಿನ ಪಟ್ಟಿ

ಒಂದು ಎಚ್‌ಪಿ ಅಂದರೆ 746 ವ್ಯಾಟ್. ಐದು ಎಚ್‌ಪಿ ಮೋಟರ್ ಅಂದರೆ 3.7 ಕಿಲೋವ್ಯಾಟ್. ಭಾವನ ಕಾರು 3.3. ಗೇಟಿನಲ್ಲಿ ಮೂತಿ ಹೊರಹಾಕಿ ನಿಂತಿರುವುದು, ಕರೆಂಟಿನ ಲೆಕ್ಕದಲ್ಲಿ, ಹೆಚ್ಚುಕಮ್ಮಿ ಒಂದು ಐದು ಎಚ್‌ಪಿ ಬೋರು. ಅಪ್ಪಾಜಿಗೆ ಇದನ್ನು ಹೇಳಿದಾಗ ಬಿದ್ದು ಬಿದ್ದು ನಕ್ಕರು. "ಹಂಗಾದ್ರೆ ಅಳಿಯಂದ್ರು ದಾವಣಗೆರಿ ಪ್ಯಾಟ್ಯಾಗೆ ಬೋರ್ ಹಾಕ್ಸಿದಾರೆ ಅನ್ನು!"

ನಮ್ಮೂರು ಜಗಳೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮೊದಲು ನಾವು ಚಿತ್ರದುರ್ಗದವರು. ಜಿಲ್ಲೆ ಬದಲಾಯಿತು, ಮಳೆ ಬದಲಾಗಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹಳ್ಳದ ಕಡೆಯ ಹೊಲಗಳಿಗೆ ಒಂದು 25 ಕೆವಿಎ ಟಿಸಿ ಇತ್ತು. ಅದು ತಡೆಯುವುದು ಐದು ಎಚ್‌ಪಿಯ ಐದು ಮೋಟರನ್ನು. ಅದರ ಮೇಲೆ ಇದ್ದದ್ದು ಒಂಬತ್ತು. ಒಂದು ವಾರ ಹಗಲು ತ್ರೀ ಫೇಸ್, ಒಂದು ವಾರ ರಾತ್ರಿ. ರಾತ್ರಿ ಪಾಳಿ ಬಂದಾಗ ಅಪ್ಪಾಜಿ ಟಾರ್ಚು, ಕೋಲು ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಕರಡಿ ಕಾಟ ಬೇರೆ. ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಮೋಟರ್ ಮನೆಯ ಬೋರ್ಡಿನ ಮೇಲೆ ಮೂರು ಸಣ್ಣ ದೀಪ. ಎರಡು ಹತ್ತಿದ್ದರೆ ಕಾಯಬೇಕು. ಮೂರನೆಯದು ಹತ್ತಿದ್ದೇ ತಡ, ಸುತ್ತಲಿನ ಕತ್ತಲಲ್ಲಿ ಒಂಬತ್ತೂ ಸ್ಟಾರ್ಟರ್ 'ಖಟ್ ಖಟ್' ಅನ್ನುತ್ತಿದ್ದವು. ಮೋಟರ್ ಎದ್ದೇಳುವಾಗ ಒಂದು ಗಳಿಗೆ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಒಂಬತ್ತು ಮೋಟರ್ ಒಂದೇ ಗಳಿಗೆಯಲ್ಲಿ ಎದ್ದರೆ ಟಿಸಿ ಗತಿ ಏನು? ಮೂರು ದೀಪವೂ ಕೆಂಪಗೆ ಕಂದುತ್ತಿದ್ದವು. ಕೆಲವೊಮ್ಮೆ ಚೇತರಿಸಿಕೊಳ್ಳುತ್ತಿದ್ದವು. ಕೆಲವೊಮ್ಮೆ ಪೂರ್ತಿ ಆರಿಹೋಗುತ್ತಿದ್ದವು.

ಆ ವರ್ಷ ಫೆಬ್ರವರಿಯಲ್ಲಿ, ಈರುಳ್ಳಿ ಗಡ್ಡೆ ಕಟ್ಟುವ ಹೊತ್ತಿಗೆ ಸರಿಯಾಗಿ, ಟಿಸಿ ಸುಟ್ಟಿತು. ಒಂಬತ್ತು ಮನೆಯವರು ಪಟ್ಟಿ ಎತ್ತಿದರು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ರಿಪೇರಿಗೆ ಕೊಟ್ಟು ಬಂದರು. ಹತ್ತು ದಿನ ಅಲೆದ ಮೇಲೆ ಟಿಸಿ ವಾಪಸ್ ಬಂತು. ಎಣ್ಣೆ ಕಡಿಮೆ ಇತ್ತು. ಗಾಜಿನ ಗೇಜಿನಲ್ಲಿ ಮಟ್ಟ ಅರ್ಧಕ್ಕೂ ಬಂದಿರಲಿಲ್ಲ. ಅಪ್ಪಾಜಿ ಅದನ್ನು ಬೆರಳಲ್ಲಿ ತೋರಿಸಿ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಓಡ್ತೈತಿ ಹೋಗ್ರಿ" ಅಂದರಂತೆ ಕೊಟ್ಟವರು. ಎಂಟು ದಿನ ಓಡಿತು. ಮತ್ತೆ ಸುಟ್ಟಿತು. ಅಷ್ಟೊತ್ತಿಗೆ ಈರುಳ್ಳಿ ತಾಳು ಒಣಗಿ ಹುಲ್ಲಾಗಿತ್ತು.

ಎರಡನೇ ಸಲ ಟಿಸಿ ಬಂದ ದಿನ ಎಲ್ಲರೂ ಆಂಜನೇಯನ ಗುಡಿ ಕಟ್ಟೆಯ ಮೇಲೆ ಕೂತರು. ಬೈದಾಟ ಆಯಿತು. ಒಬ್ಬರು ಎದ್ದು ಹೋಗಿ ಮತ್ತೆ ಬಂದರು. ಕೊನೆಗೆ ಸೀಮೆಸುಣ್ಣದಲ್ಲಿ ಗುಡಿ ಗೋಡೆಯ ಮೇಲೆ ಬರೆದದ್ದು ಇಷ್ಟು: ಕರೆಂಟ್ ಬಂದ ಮೇಲೆ ಮೊದಲ ಮೂರು ತಾಸು ಐದು ಮೋಟರ್, ಆಮೇಲಿನ ಮೂರು ತಾಸು ನಾಲ್ಕು ಮೋಟರ್. ಮರುದಿನ ಅದಲುಬದಲು. ಐದು ಜನರೂ ಒಟ್ಟಿಗೆ ಒತ್ತಬಾರದು, ಒಬ್ಬರಾದ ಮೇಲೆ ಒಬ್ಬರು, ನಡುವೆ ಒಂದು ಬೀಡಿ ಸೇದುವಷ್ಟು ಹೊತ್ತು ಬಿಡಬೇಕು. ವಾಚು ಇದ್ದದ್ದು ಅಪ್ಪಾಜಿ ಹತ್ತಿರ ಮಾತ್ರ. ಎಚ್‌ಎಂಟಿ. ಹಾಗಾಗಿ ಮೂರು ತಾಸಾದ ಮೇಲೆ ಬದುವಿನ ಮೇಲೆ ನಿಂತು ಟಾರ್ಚ್ ತೋರಿಸುವ ಕೆಲಸ ಅವರದು.

ಆ ಟಿಸಿ ಆ ಬೇಸಿಗೆ ಪೂರ್ತಿ ಸುಡಲಿಲ್ಲ. ನೀರು ಎಲ್ಲರಿಗೂ ಕಡಿಮೆಯೇ ಸಿಕ್ಕಿತು, ಆದರೆ ಸಿಕ್ಕಿತು. ಏರ್ಪಾಡು ಮುರಿದದ್ದು ಮುಂದಿನ ವರ್ಷ. ಒಬ್ಬರು ಆಟೋ ಸ್ಟಾರ್ಟರ್ ತಂದು ಹಾಕಿಸಿದರು. ಹೊಲಕ್ಕೆ ಹೋಗುವುದೇ ಬೇಡ, ಕರೆಂಟ್ ಬಂದ ತಕ್ಷಣ ಮೋಟರ್ ತಾನೇ ಎದ್ದು ಕೂರುತ್ತದೆ. ರಾತ್ರಿ ಕರಡಿ ಭಯ ಇಲ್ಲ, ಅವರನ್ನು ಹೇಗೆ ಬೈಯುತ್ತೀರಿ? ಒಬ್ಬರನ್ನು ನೋಡಿ ಇನ್ನೊಬ್ಬರು ಹಾಕಿಸಿದರು. ಒಂಬತ್ತೂ ಮನೆಗೆ ಆಟೋ ಸ್ಟಾರ್ಟರ್ ಬಂದ ಮೇಲೆ ಗೋಡೆಯ ಮೇಲಿನ ಪಟ್ಟಿ ಯಾರಿಗೂ ಬೇಕಾಗಲಿಲ್ಲ. ಸುಣ್ಣ ಹೊಡೆದರು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ರಾಜ್ಯದಲ್ಲಿ ಈಗ 30 ಲಕ್ಷಕ್ಕೂ ಜಾಸ್ತಿ ಪಂಪ್‌ಸೆಟ್ ಇವೆ. ಎಲ್ಲವನ್ನೂ ಐದು ಎಚ್‌ಪಿ ಅಂತ ಹಿಡಿದರೂ, ಒಟ್ಟಿಗೆ ಎದ್ದರೆ 11 ಸಾವಿರ ಮೆಗಾವ್ಯಾಟ್. ಗ್ರಿಡ್ಡಿಗೆ, ಅಂದರೆ ಊರೂರಿಗೆ ಕರೆಂಟು ಹಂಚುವ ತಂತಿಜಾಲ ನಡೆಸುವವರಿಗೆ, ಅದು ಗೊತ್ತು. ಅದಕ್ಕೇ ಬ್ಯಾಚ್ ಮಾಡಿ ಕೊಡುತ್ತಾರೆ. ಊರಿನ ಲೈನು, ಹೊಲದ ಲೈನು ಬೇರೆ ಮಾಡಿದ್ದೂ ಅದಕ್ಕೇ. ಸೋಲಾರ್ ಬಂದ ಮೇಲೆ ಬೋರುಗಳನ್ನು ಹಗಲಿಗೆ ತಂದರು. ಕಾರು ಅಂತ ಇವತ್ತು ಪೇಪರಿನವರು ಹೆದರಿಸುತ್ತಿರುವ ಲೋಡನ್ನು ನಮ್ಮ ಬಯಲುಸೀಮೆ ನೀರಿನ ಹೆಸರಲ್ಲಿ ಎಂದೋ ಹೊತ್ತಿದೆ, ಬಿದ್ದಿದೆ, ಎದ್ದಿದೆ.

ಮೇಲೆ ಗಟ್ಟಿ, ತುದಿಯಲ್ಲಿ ಸಡಿಲ

ಗ್ರಿಡ್ ಅಂದಾಗ ಜನರ ಕಣ್ಣ ಮುಂದೆ ಬರುವುದು ಹರಿಹರದ ಹತ್ತಿರ ಗುತ್ತೂರಿನಲ್ಲಿ ಕಾಣುವಂಥ ದೈತ್ಯ ಗೋಪುರಗಳು, 400 ಕೆವಿ ತಂತಿಗಳು. ಆ ಭಾಗ ಈಗ ಗಟ್ಟಿಯಾಗಿದೆ. 2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮಗೇನೂ ಆಗಲಿಲ್ಲ. ದಕ್ಷಿಣದ ಗ್ರಿಡ್ ಆಗಿನ್ನೂ ಅವರ ಜೊತೆ ತಾಳ ಹಾಕುತ್ತಿರಲಿಲ್ಲ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರದ 765 ಕೆವಿ ಲೈನು ಹತ್ತಿದ ಮೇಲೆ ಇಡೀ ದೇಶ ಒಂದೇ 50 ಹರ್ಟ್ಜ್‌ಗೆ ಬಡಿಯುತ್ತಿದೆ. ಕೊರತೆ ಬಿದ್ದರೆ ದೂರದಿಂದ ತರಿಸಬಹುದು, ದುಡ್ಡಿದ್ದರೆ. 2024ರ ಮೇ 30ಕ್ಕೆ ದೇಶದ ಬೇಡಿಕೆ ಎರಡೂವರೆ ಲಕ್ಷ ಮೆಗಾವ್ಯಾಟ್ ಮುಟ್ಟಿತು. ಆಗಲೂ ಗ್ರಿಡ್ ಬೀಳಲಿಲ್ಲ.

ಸಡಿಲ ಇರುವುದು ಬೀದಿಯ ತುದಿಯಲ್ಲಿ, ಆ 'ಢಬ್' ಅಂದ ಜಾಗದಲ್ಲಿ. ಅಕ್ಕನ ಬೀದಿಯದು 100 ಕೆವಿಎ ಟಿಸಿ, ಹೆಚ್ಚೆಂದರೆ ನೂರು ಕಿಲೋವ್ಯಾಟ್ ಹೊರುವಂಥದ್ದು. ಐವತ್ತೈದು ಮನೆ. ಒಂದೊಂದು ಮನೆಗೆ ಎರಡು ಕಿಲೋವ್ಯಾಟ್ ಅಂತ ಮಂಜೂರಾಗಿದೆ. ಕೂಡಿಸಿದರೆ 110. ಟಿಸಿಗಿಂತ ಜಾಸ್ತಿ! ಇದು ಮೋಸ ಅಲ್ಲ, ಲೆಕ್ಕಾಚಾರ. ಐವತ್ತೈದೂ ಮನೆಯವರು ಒಂದೇ ನಿಮಿಷಕ್ಕೆ ಮಿಕ್ಸಿ ತಿರುಗಿಸುವುದಿಲ್ಲ, ಅಲ್ವಾ? ಒಬ್ಬರು ಚಟ್ನಿ ರುಬ್ಬುವಾಗ ಇನ್ನೊಬ್ಬರು ಇಸ್ತ್ರಿ ಹಾಕುತ್ತಿರುತ್ತಾರೆ, ಮತ್ತೊಬ್ಬರು ಬೀಗ ಹಾಕಿ ಧರ್ಮಸ್ಥಳಕ್ಕೆ ಹೋಗಿರುತ್ತಾರೆ. ಬೀದಿಯ ಟಿಸಿಗಳು ನಿಂತಿರುವುದು ಈ ನಂಬಿಕೆಯ ಮೇಲೆ. ಕಾರು ಆ ನಂಬಿಕೆಯನ್ನು ಅಲ್ಲಾಡಿಸುತ್ತದೆ. ಮಿಕ್ಸಿ ಎರಡು ನಿಮಿಷ, ಗೀಸರ್ ಇಪ್ಪತ್ತು ನಿಮಿಷ. ಕಾರಿನ ಬ್ಯಾಟರಿ ಬರಿದಾಗಿದ್ದರೆ ಒಂಬತ್ತು ತಾಸು.

ಇನ್ನೊಂದು ಸೂಕ್ಷ್ಮ ಇದೆ. ಟಿಸಿ ಹಗಲೆಲ್ಲ ಬಿಸಿಲಲ್ಲಿ ಕಾದು, ರಾತ್ರಿ ಲೋಡ್ ಇಳಿದ ಮೇಲೆ ತಣ್ಣಗಾಗುತ್ತದೆ. ಒಳಗಿನ ಎಣ್ಣೆ ಆರಬೇಕು. ಹಾಗೆ ಆರಿದರೇ ಅದರ ಆಯುಷ್ಯ. ಮೊದಲು ಆ ತಂಪು ಹೊತ್ತನ್ನು ಏಸಿಗಳು ತಿಂದವು. ಈಗ ಕಾರುಗಳು ಉಳಿದದ್ದನ್ನೂ ಕೇಳುತ್ತಿವೆ. ಒಂದು ರಾತ್ರಿ ಊಟವಾದ ಮೇಲೆ ನಾನು ಸುಮ್ನೆ ಹೋಗಿ ಆ ಕಂಬದ ಕೆಳಗೆ ನಿಂತೆ. 'ಗುಂಯ್' ಅನ್ನುತ್ತಿತ್ತು, ಜೇನುಗೂಡಿನ ಹಾಗೆ. ಒಳಹೋಗುವ ಗಾಳಿಯ ತೇವ ಹೀರಲು ಇಟ್ಟ ಡಬ್ಬಿಯಲ್ಲಿನ ಹರಳು ನೀಲಿ ಇರಬೇಕಾದ್ದು ಮಾಸಿ ಗುಲಾಬಿಯಾಗಿತ್ತು. ತೇವ ಹಿಡಿದಿದೆ ಅಂತ ಅರ್ಥ. ನಾಯಿಯೊಂದು ಬಂದು ನನ್ನನ್ನು ನೋಡಿ, ಇವನಿಗೇನು ಕೆಲಸ ಇಲ್ಲಿ ಅನ್ನುವ ಹಾಗೆ ಬೊಗಳಿ ಹೋಯಿತು.

ಆ ಲೈನ್‌ಮನ್ ಮಾತ್ರ ಬುದ್ಧಿವಂತ. ಮರುದಿನ ಏಣಿ ತಂದು, ಮೂರು ಕಾರಿನ ಮನೆಗಳಲ್ಲಿ ಎರಡರ ಸರ್ವಿಸ್ ವೈರನ್ನು ಬೇರೆ ಬೇರೆ ಫೇಸಿಗೆ ಸರಿಸಿದ. ಅರ್ಧ ತಾಸಿನ ಕೆಲಸ. ಒಂದು ರೂಪಾಯಿಯ ಸಾಮಾನು ಖರ್ಚಾಗಲಿಲ್ಲ. ಆ ಬೇಸಿಗೆಯಲ್ಲಿ ಮತ್ತೆ ಫ್ಯೂಸ್ ಹೋಗಲಿಲ್ಲ. ಯಾವ ಮನೆಯಲ್ಲಿ ಕಾರಿದೆ ಅಂತ ಅವನಿಗೆ ಗೊತ್ತಿತ್ತು, ಅಷ್ಟೇ ಬೇಕಾಗಿದ್ದದ್ದು. ಭಾವ ಕಾರು ತಂದಾಗ ಲೋಡ್ ಹೆಚ್ಚಿಸಲು ಅರ್ಜಿ ಹಾಕಿರಲಿಲ್ಲ. ಎರಡು ಕಿಲೋವ್ಯಾಟಿನ ಮನೆಯಲ್ಲಿ ಕಾರೊಂದೇ 3.3 ಎಳೆಯುತ್ತಿತ್ತು. ಉಳಿದ ಇಬ್ಬರೂ ಅರ್ಜಿ ಹಾಕಿರಲಿಲ್ಲ. ಕಾಗದದ ಮೇಲೆ ಆ ಬೀದಿಯಲ್ಲಿ ಕಾರುಗಳೇ ಇರಲಿಲ್ಲ.

(ಭಾವನ ಕಾರಿನ ಇನ್ನೊಂದು ಕಥೆ ಹೇಳದಿದ್ದರೆ ಅಕ್ಕನಿಗೆ ಬೇಜಾರಾಗುತ್ತದೆ. ಕಾರು ಬಂದ ಮೊದಲ ರಾತ್ರಿ ಚಾರ್ಜೇ ಆಗಲಿಲ್ಲ. ಕೆಂಪು ದೀಪ. ಷೋರೂಮಿಗೆ ಫೋನು, ಬೈಗುಳ, ಎಲ್ಲ ಆಯಿತು. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಮನೆಗೆ ಅರ್ತಿಂಗೇ ಸರಿಯಿಲ್ಲ. ಮೂವತ್ತು ವರ್ಷದಿಂದ ಫ್ರಿಜ್ಜು, ಮಿಕ್ಸಿ, ಗೀಸರ್ ಎಲ್ಲ ಅದೇ ಮನೆಯಲ್ಲಿ ಓಡಿವೆ, ಯಾವುದೂ ತಕರಾರು ಮಾಡಿರಲಿಲ್ಲ. ಕಾರು ಮಾತ್ರ ಒಪ್ಪಲಿಲ್ಲ. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿ ಹೊಸ ಅರ್ತ್ ಮಾಡಿಸಿದರು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಬೇಕು. ಅಕ್ಕ ಈಗ ದಿನಾ ಬೆಳಿಗ್ಗೆ ತುಳಸಿಗೊಂದು ಚೊಂಬು, ಕಾರಿಗೊಂದು ಚೊಂಬು ನೀರು ಹಾಕುತ್ತಾಳೆ.)

ದುರ್ಗದ ಗಾಳಿ

ಹೆದ್ದಾರಿಯ ಕಥೆ ಬೇರೆಯೇ. ಬೆಂಗಳೂರಿನಿಂದ ಹೊರಟ ಕಾರಿಗೆ ಚಿತ್ರದುರ್ಗ ಸುಮಾರು 200 ಕಿಲೋಮೀಟರ್. ಭಾವನದರಂಥ ಸಣ್ಣ ಕಾರುಗಳ ಬ್ಯಾಟರಿ ಸರಿಯಾಗಿ ಅಲ್ಲಿಗೆ ಸುಸ್ತಾಗುತ್ತದೆ. ಅಂಥ ಕಾರಿನಲ್ಲಿ ಹುಬ್ಬಳ್ಳಿ, ಬೆಳಗಾವಿ ಕಡೆ ಹೋಗುವವರೆಲ್ಲ ಹಿರಿಯೂರು, ದುರ್ಗದ ನಡುವೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಹಿಂದೆ ಎತ್ತಿನ ಗಾಡಿಯವರು ಕೊಳ್ಳ ಬಿಚ್ಚಿ ನೀರು ಕುಡಿಸುತ್ತಿದ್ದ ಹಾಗೆ.

ದೀಪಾವಳಿಗೆ ಬೆಂಗಳೂರಿಂದ ವಾಪಸ್ ಬರುವಾಗ ಭಾವನ ಜೊತೆ ನಾನೂ ಇದ್ದೆ. ದುರ್ಗದ ಈಚೆ ಒಂದು ಹೋಟೆಲಿನ ಮುಂದೆ ಎರಡು ಫಾಸ್ಟ್ ಚಾರ್ಜರ್. ಒಂದರ ಮೇಲೆ ಗೋಣಿಚೀಲ ಹೊದಿಸಿದ್ದರು. ಇನ್ನೊಂದರ ಮುಂದೆ ನಾಲ್ಕು ಕಾರು. ಒಂದೊಂದಕ್ಕೆ ಮುಕ್ಕಾಲು ತಾಸು. ಭಾವ ಎರಡು ಸಲ ಕಾಫಿ ಕುಡಿದ, ಒಮ್ಮೆ ಮಂಡಕ್ಕಿ ಮೆಣಸಿನಕಾಯಿ ತಿಂದ, ಆಮೇಲೆ ಸುಮ್ನೆ ಗುಡ್ಡ ನೋಡುತ್ತಾ ನಿಂತ. ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ. "ಅಲ್ಲೇ ಕರೆಂಟ್ ಹುಟ್ತೈತಿ, ಇಲ್ಲೇ ನಾವು ಪಾಳಿ ನಿಂತೀವಿ" ಅಂದ. ನೋಡಿದರೆ ಅರ್ಧ ಯಂತ್ರಗಳು ತಿರುಗುತ್ತಲೇ ಇರಲಿಲ್ಲ. ದುರ್ಗದ ಗಾಳಿ ಜೋರು ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್. ದೀಪಾವಳಿ ಹೊತ್ತಿಗೆ ತೂಕಡಿಕೆ. ಜನ ಊರಿಗೆ ಹೊರಡುವುದು ಮಾತ್ರ ದೀಪಾವಳಿಗೇ.

ಹೋಟೆಲ್ ಮ್ಯಾನೇಜರ್ ಹತ್ತಿರ ಮಾತಾಡಿದೆ. 60 ಕಿಲೋವ್ಯಾಟಿನ ಚಾರ್ಜರ್ ಒಂದು ಅಂದರೆ ಐದು ಎಚ್‌ಪಿಯ ಹದಿನಾರು ಮೋಟರ್ ಇದ್ದ ಹಾಗೆ. ಅವರು ಅದಕ್ಕೆಂದೇ ಬೇರೆ ಟಿಸಿ ಹಾಕಿಸಿಕೊಂಡಿದ್ದಾರೆ. ಕರೆಂಟ್ ಹೋದರೆ? "ಜನರೇಟರ್ ಮ್ಯಾಲೆ ಎಳೆಯಲ್ಲ ಸಾರ್, ಇಡ್ಲಿ ಸ್ಟೀಮರ್ರೇ ಕಷ್ಟ" ಅಂದರು. ಹೆದ್ದಾರಿಯ ಚಾರ್ಜರ್‌ಗಳು ವರ್ಷದಲ್ಲಿ ಮುನ್ನೂರೈವತ್ತು ದಿನ ಖಾಲಿ ಹೊಡೆಯುತ್ತವೆ, ಹದಿನೈದು ದಿನ ಜಾತ್ರೆ. ಹದಿನೈದು ದಿನದ ಜಾತ್ರೆಗಾಗಿ ಯಾರು ಎಂಟು ಚಾರ್ಜರ್ ಹಾಕುತ್ತಾರೆ? ಆದರೆ ಇದು ದುಡ್ಡಿನ ಪ್ರಶ್ನೆ, ತಂತಿಯದ್ದಲ್ಲ. ಹಾಕುವವರು ಯಾರು ಅಂತ ಗೊತ್ತಿರುತ್ತದೆ, ಅರ್ಜಿ ಕೊಟ್ಟಿರುತ್ತಾರೆ, 11 ಕೆವಿ ಲೈನಿನಿಂದ ಕೊಡುತ್ತಾರೆ. ನನಗೆ ಹೆದ್ದಾರಿಗಿಂತ ಬೀದಿಯದ್ದೇ ಯೋಚನೆ.

ಪಾಳಿ ಯಾರು ಬರೆಯಬೇಕು

ನಾರ್ವೆ ದೇಶದಲ್ಲಿ 2024ರಲ್ಲಿ ಮಾರಿದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಎಲೆಕ್ಟ್ರಿಕ್. ಅಲ್ಲಿ ಗ್ರಿಡ್ ಬಿತ್ತಾ ಅಂತ ಕೇಳುವವರಿದ್ದಾರೆ. ಬಿದ್ದಿಲ್ಲ. ಆದರೆ ಅಲ್ಲಿನ ಮನೆಗಳು ಚಳಿಗೆ ಕರೆಂಟಿನಲ್ಲೇ ಕಾಯಿಸಿಕೊಳ್ಳುತ್ತವೆ. ಮೊದಲಿಂದಲೂ ದಪ್ಪ ತಂತಿ, ದೊಡ್ಡ ಕನೆಕ್ಷನ್. ನಮ್ಮದು ಎರಡು ಟ್ಯೂಬ್‌ಲೈಟ್, ಒಂದು ಫ್ಯಾನಿನ ಕಾಲದಲ್ಲಿ ಎಳೆದ ತಂತಿ. ಹೋಲಿಕೆ ಅಷ್ಟಕ್ಕಷ್ಟೆ.

ನಮಗೆ ಹತ್ತಿರದ ಪಾಠ ಆ ಗುಡಿ ಗೋಡೆಯದ್ದೇ. ಕಾರಿಗೆ ಬೋರಿಗಿಲ್ಲದ ಒಂದು ಗುಣವೂ ಇದೆ. ಅದು ಕಾಯುತ್ತದೆ. ಈರುಳ್ಳಿಗೆ ಇವತ್ತು ನೀರು ಬೇಕು ಅಂದರೆ ಇವತ್ತೇ ಬೇಕು. ಭಾವನ ಕಾರು ದಿನಕ್ಕೆ ಒಂದೂವರೆ ತಾಸು ಓಡಿ ಉಳಿದ ಇಪ್ಪತ್ತೆರಡೂವರೆ ತಾಸು ನಿಂತಿರುತ್ತದೆ. ದಿನದ ಓಡಾಟಕ್ಕೆ ಬೇಕಾದ ಐದು ಯೂನಿಟ್ ಒಂದೂವರೆ ತಾಸಿನಲ್ಲಿ ತುಂಬಿಹೋಗುತ್ತದೆ. ರಾತ್ರಿ ಹನ್ನೊಂದರಿಂದ ಬೆಳಗಿನ ಆರರ ಒಳಗೆ ಯಾವಾಗ ತುಂಬಿದರೂ ಅವನಿಗೆ ಲೆಕ್ಕವಿಲ್ಲ.

ಆದರೆ ಯಾವಾಗ ಅನ್ನುವುದನ್ನು ಯಾರು ಹೇಳಬೇಕು? ಬಿಸಿಲಿನ ತಾಸುಗಳಲ್ಲಿ ದರ ಕಡಿಮೆ, ಸಂಜೆ ಜಾಸ್ತಿ ಅನ್ನುವ ಕೇಂದ್ರದ ನಿಯಮ 2023ರಲ್ಲೇ ಬಂದಿದೆ, ಸ್ಮಾರ್ಟ್ ಮೀಟರ್ ಇರುವವರಿಗೆ. ಒಳ್ಳೆಯದೇ. ಬಿಸಿಲಿನ ಹೊತ್ತು ಕಾರು ಎಲ್ಲಿರುತ್ತದೆ? ಭಾವ ಕೆಲಸ ಮಾಡುವ ಕಡೆ ತಗಡಿನ ಶೆಡ್ಡಿನ ಕೆಳಗೆ, ಪಾವಗಡದ ಕರೆಂಟು ಉಕ್ಕಿ ಹರಿಯುವ ಹೊತ್ತಿನಲ್ಲಿ, ಸುಮ್ನೆ ಕಾದು ಕೆಂಡವಾಗುತ್ತಾ ನಿಂತಿರುತ್ತದೆ. ಅಲ್ಲೊಂದು ಸಾಕೆಟ್ ಕೊಡಿ ಅಂತ ಭಾವ ಕೇಳಿದ್ದಾನೆ. "ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ" ಅಂದರಂತೆ. ಎಲ್ಲರೂ ಕೇಳಲಿ ಅನ್ನುವುದೇ ಅಲ್ವಾ ವಿಷಯ?

ಇನ್ನು ರಾತ್ರಿಗೆ ದರ ಇಳಿಸಿದರೆ ಆಟೋ ಸ್ಟಾರ್ಟರ್ ಕಥೆ ಮತ್ತೆ. ಹತ್ತು ಗಂಟೆಯಿಂದ ಅಗ್ಗ ಅಂದರೆ ಎಲ್ಲರೂ ಫೋನಿನಲ್ಲಿ ಹತ್ತಕ್ಕೆ ಟೈಮರ್ ಇಡುತ್ತಾರೆ. ಹತ್ತು ಹೊಡೆದ ಕೂಡಲೇ ಬೀದಿಯ ಕಾರುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಮೋಟರಿನ ಹಾಗೆ ಕಾರು ಎದ್ದೇಳುವಾಗ ಐದಾರು ಪಟ್ಟು ಎಳೆಯುವುದಿಲ್ಲ, ಆ ವಿಷಯದಲ್ಲಿ ಸೌಮ್ಯ. ಆದರೂ ಟಿಸಿಗೆ ಅಗ್ಗ, ತುಟ್ಟಿ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಬಿಸಿ ಒಂದೇ. ಬೀದಿ ಬೀದಿಗೂ ಬೀಡಿ ಸೇದುವಷ್ಟು ಅಂತರ ಇಟ್ಟು ಹಚ್ಚುವ ಏರ್ಪಾಡು ಬೇಕು. ಅದನ್ನು ಈಗ ಯಂತ್ರವೇ ಮಾಡಬಲ್ಲದು, ಅಪ್ಪಾಜಿಯ ಎಚ್‌ಎಂಟಿ ಬೇಕಿಲ್ಲ. ಮಾಡಬೇಕು ಅಂತ ಯಾರಿಗಾದರೂ ಅನ್ನಿಸಬೇಕಷ್ಟೆ.

ಗೃಹಜ್ಯೋತಿ ಇನ್ನೊಂದು ಗಂಟು. ಅಕ್ಕನ ಮನೆಯ ಸರಾಸರಿ 110 ಯೂನಿಟ್, ಬಿಲ್ಲು ಸೊನ್ನೆ ಬರುತ್ತಿತ್ತು. ಕಾರಿನ 150 ಸೇರಿ 200 ದಾಟಿತು, ಪೂರ್ತಿ ಬಿಲ್ಲು ಬಂತು. ಪೆಟ್ರೋಲಿನ ಮುಂದೆ ಅದೇನೂ ಅಲ್ಲ ಅಂತ ಭಾವ ಎಷ್ಟು ಹೇಳಿದರೂ ಅಕ್ಕನಿಗೆ ಸಮಾಧಾನವಿಲ್ಲ. ಪೆಟ್ರೋಲ್ ಕಾಸು ಭಾವನ ಜೇಬಿನದ್ದು, ಕರೆಂಟ್ ಬಿಲ್ಲು ಅಕ್ಕನ ಡಬ್ಬಿಯದ್ದು. ಈ ಜಗಳಕ್ಕೆ ಯಾವ ಆಯೋಗದ ಹತ್ತಿರವೂ ಪರಿಹಾರವಿಲ್ಲ.

ನಾನು ಇದನ್ನೆಲ್ಲ ಕಾರುಗಳ ಬಗ್ಗೆಯೇ ಹೇಳುತ್ತಿದ್ದರೂ, ನಮ್ಮೂರಿನ ಬೀದಿಗಳಲ್ಲಿ ನಿಜವಾಗಿ ಹೆಚ್ಚುತ್ತಿರುವುದು ಸ್ಕೂಟರ್. ಅದಕ್ಕೆ ಇಸ್ತ್ರಿ ಪೆಟ್ಟಿಗೆಯಷ್ಟು ಕರೆಂಟ್ ಸಾಕು. ಅವುಗಳಿಂದ ಟಿಸಿ ಸುಡುವುದಿಲ್ಲ. ಕಾರು ಬೆಳೆಯುವಷ್ಟರಲ್ಲಿ ನಮಗೆ ಇನ್ನೂ ಕೆಲವು ವರ್ಷ ಇವೆ. ಗ್ರಿಡ್ ತಡೆಯುತ್ತಾ ಅಂತ ಕೇಳಿದವರಿಗೆ ನಾನು ಈಗ, "ಗುತ್ತೂರು ತಡೀತದೆ, ನಿಮ್ಮ ಬೀದಿ ಕಂಬ ಒಂದ್ಸಲ ನೋಡ್ಕೊಂಡು ಬರ್ರಿ" ಅನ್ನುತ್ತೇನೆ.

ಅಕ್ಕನ ಬೀದಿಯ ಟಿಸಿಯನ್ನು ಈ ಜನವರಿಯಲ್ಲಿ ಬದಲಾಯಿಸಿದರು. ಅಷ್ಟರಲ್ಲಿ ಬೀದಿಯಲ್ಲಿ ಆರನೇ ಕಾರು ಬಂದಿತ್ತು. ಎಲ್ಲರೂ ಲೋಡ್ ಹೆಚ್ಚಿಸಲು ಅರ್ಜಿ ಹಾಕುವ ಹಾಗೆ ಭಾವ ಮನೆ ಮನೆಗೆ ಹೋಗಿ ಗಂಟು ಬಿದ್ದಿದ್ದ. ಅಪ್ಪಾಜಿ ಕಣ್ಣಿನ ಡಾಕ್ಟರಿಗೆ ತೋರಿಸಲು ಬಂದಿದ್ದವರು, ಕ್ರೇನ್ ಬಂದಿದೆ ಅಂತ ಕೇಳಿ ಕಪ್ಪು ಕನ್ನಡಕ ಹಾಕಿಕೊಂಡೇ ಹೊರಗೆ ಹೋಗಿ ನಿಂತರು. 250 ಕೆವಿಎ ಹೊಸದು ಮೇಲೇರಿತು. ಹಳೆಯದನ್ನು ಲಾರಿಯಲ್ಲಿ ಇಳಿಸಿದರು. ಅಪ್ಪಾಜಿ ಲಾರಿ ಹತ್ತಿರ ಹೋಗಿ ಅದರ ಪಕ್ಕೆ ಮುಟ್ಟಿದರು. ಇನ್ನೂ ಬೆಚ್ಚಗಿತ್ತಂತೆ.

"ಇದನ್ನೇನ್ ಮಾಡ್ತೀರಪಾ?" ಅಂತ ಲೈನ್‌ಮನ್ನನ್ನು ಕೇಳಿದರು.

"ಸ್ಟೋರಿಗೆ ಹೋಗತೈತ್ರಿ ಯಜಮಾನ್ರ. ರಿಪೇರಿ ಮಾಡಿ ಹಳ್ಳಿ ಕಡಿ ಕಳಸ್ತಾರ. ಜಗಳೂರು ಕಡಿ ಬೋರ್ ಭಾಳ ಅದಾವಲ್ರಿ, ಅಲ್ಲಿಗೇ ಇರಬೋದು."

ಅಪ್ಪಾಜಿ ಗೇಜಿನ ಗಾಜನ್ನು ಪಂಚೆಯ ತುದಿಯಿಂದ ಒರೆಸಿ, ಬಗ್ಗಿ ನೋಡಿದರು. "ಎಣ್ಣಿ ಪೂರ್ತಿ ಹಾಕಿ ಕಳಿಸ್ರಪಾ" ಅಂದರು.